ಗುರುವಾರದ ಬುಟ್ಟಿ

ದನದ ದವಾಖಾನೆಯಲ್ಲಿ ಇಪ್ಪತ್ತು ವರ್ಷ ಸವೆಸಿದವಳು ವಾಸನೆಯ ಬಗ್ಗೆ ದೂರು ಹೇಳಬಾರದು. ಮಾಸು ಬೀಳದೆ ಒಳಗೇ ಕೊಳೆತ ಆಕಳ ಗರ್ಭಕ್ಕೆ ಭುಜದವರೆಗೆ ಕೈ ಹಾಕಿದ್ದೇನೆ. ಹುಳ ಬಿದ್ದ ಗಾಯ ತೊಳೆದಿದ್ದೇನೆ. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದು ಅದೇ ಮನೆಯ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿಂದಿದ್ದೇನೆ. ಅಂಥವಳು ಹೋದ ಸೋಮವಾರ ಸಿಂದಗಿ ಹತ್ತಿರದ ಒಂದು ತೋಟದ ಮನೆಯಲ್ಲಿ, ಏನೂ ಆಗದ ಒಂದು ಆಕಳಿಗೆ ಲಸಿಕೆ ಹಾಕಲು ಹೋಗಿ, ದನದ ಮುಸುರಿ ಬಾನಿಯ ಪಕ್ಕ ನಿಂತು ವಾಂತಿ ಮಾಡಿಕೊಂಡೆ. ಬಾನಿಯಲ್ಲಿದ್ದದ್ದು ಪಾತ್ರೆ ತೊಳೆದ ನೀರು, ಅದರಲ್ಲಿ ನೆನೆದು ಉಬ್ಬಿದ ನಾಲ್ಕು ಜೋಳದ ರೊಟ್ಟಿ. ಹುಳಿ ಬಂದಿತ್ತು, ಅಷ್ಟೇ.

"ಏನಾತ್ರಿ ಅಕ್ಕಾರ, ಮೈಯಾಗ ಆರಾಮ ಇಲ್ಲೇನು?" ಎಂದು ಮನೆಯಾಕೆ ನೀರು ತಂದುಕೊಟ್ಟಳು.

"ಬಿಸಲು," ಅಂದೆ. ಸುಳ್ಳು ಹೇಳುವುದರಲ್ಲಿ ನನಗೆ ಒಳ್ಳೆಯ ರೂಢಿಯಿದೆ.

ಆ ವಾಸನೆಗೆ ಏಳು ವರ್ಷವಾಯಿತು. ಆಗ ನಾನು ಇಂಡಿ ತಾಲೂಕಿನಲ್ಲಿದ್ದೆ. ಇಂಡಿಯಿಂದ ತಾಂಬಾ ಕಡೆ ಹೋಗುವ ರಸ್ತೆಯ ಒಂದು ಊರು, ಹೆಸರು ಹೇಳುವುದಿಲ್ಲ. ಹೇಳಿದರೆ ನಾನು ಹೇಳಹೊರಟ ರೋಗ ಆ ಊರಿಗಷ್ಟೇ ಇದೆ ಎಂದು ಉಳಿದ ಊರಿನವರು ಕೈತೊಳೆದುಕೊಳ್ಳುತ್ತಾರೆ. ನನ್ನ ತವರು ಮುದ್ದೇಬಿಹಾಳದ ಕಡೆ, ನನಗೆ ಗೊತ್ತಿದೆ, ಅಲ್ಲೂ ಅದೇ. ಆ ವರ್ಷ ಮಳೆಗಾಲದಲ್ಲಿ ನನ್ನ ಅವ್ವ ತೀರಿಕೊಂಡಿದ್ದಳು. ದಿನ ಕರ್ಮ ಮಾಡಿಸಲು ಬಂದ ಸ್ವಾಮಿಗಳು ಯಾವ ಮನೆಯ ಹಾಲು, ಯಾರು ಕಾಸಿದ್ದು ಎಂದು ಕೇಳಿ ಕೇಳಿ ಕುಡಿದದ್ದನ್ನು ನೋಡಿ, ನನಗೆ ಗುಡಿ ಮಠಗಳ ಮೇಲೆಲ್ಲ ಹೇಸಿಗೆ ಹುಟ್ಟಿ ಹೋಗಿತ್ತು. ಆದರೂ ಒಳಗೆ ಒಂದು ಖಾಲಿ ಜಾಗ ಇತ್ತು. ಎಲ್ಲಾದರೂ ನಾಲ್ಕು ಜನರ ನಡುವೆ ಸುಮ್ಮನೆ ಕಣ್ಣುಮುಚ್ಚಿ ಕೂರಬೇಕು ಅನ್ನಿಸುತ್ತಿತ್ತು. ಶೀಗಿ ಹುಣ್ಣಿಮೆಯ ಹೊತ್ತಿಗೆ ಚನ್ನಪ್ಪ ಮಾಸ್ತರರು ತಮ್ಮ ಎಮ್ಮೆಗೆ ಔಷಧಿ ಒಯ್ಯಲು ಬಂದವರು, "ಗುರುವಾರ ಸಂಜಿಕ ಬರ್ರಿ ತಂಗಿ, ನಮ್ಮ ಕೂಟ ನೋಡ್ರಿ," ಎಂದರು.

ಮಾಸ್ತರರು ನಿವೃತ್ತ ಹೆಡ್ ಮಾಸ್ತರು. ತೆಳ್ಳಗಿನ ಮನುಷ್ಯ, ಬಿಳಿ ಖಾದಿ, ಮಾತಾಡುವಾಗ ಕಣ್ಣಲ್ಲಿ ನೀರು ಬರುವಷ್ಟು ಮೃದು. ಕೂಟ ನಡೆಯುತ್ತಿದ್ದುದು ಖಾದರಸಾಬರ ಲಿಂಬಿ ಗೋದಾಮಿನಲ್ಲಿ. ಖಾದರಸಾಬರು ಲಿಂಬಿ ವ್ಯಾಪಾರಿ. ಹಳ್ಳಿಗಳಿಂದ ಕಾಯಿ ತರಿಸಿ, ಆರಿಸಿ, ಚೀಲ ತುಂಬಿ ಹೊರಗೆ ಕಳಿಸುತ್ತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ನೆಲ ಗುಡಿಸಿ ಚಾಪೆ ಹಾಸುತ್ತಿದ್ದರು. ಒಳಗೆ ಕಾಲಿಟ್ಟರೆ ಹಸಿ ಲಿಂಬಿಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಅಲ್ಲಿ ಕುರ್ಚಿ ಇರಲಿಲ್ಲ, ಫೋಟೋ ಇರಲಿಲ್ಲ, ಕಾಲಿಗೆ ಬೀಳುವುದು ಇರಲಿಲ್ಲ. ಗೌಡರ ಮನೆಯವರು, ಅಂಗಡಿಯವರು, ಕೇರಿಯವರು, ಸಾಬರು, ಎಲ್ಲರೂ ದುಂಡಗೆ ಕೂರುವುದು. ಹತ್ತು ನಿಮಿಷ ಮೌನ. ಒಂದು ಹಾಡು. ಆಮೇಲೆ ಆ ವಾರ ಯಾರಿಗೆ ಏನು ಅನ್ಯಾಯವಾಯಿತು ಎಂಬ ಮಾತು, ಅದಕ್ಕೆ ಕೂಟ ಏನು ಮಾಡಬೇಕು ಎಂಬ ಮಾತು. ಕೊನೆಗೆ ಊಟ.

ಆ ಊಟಕ್ಕೇ ನಾನು ಸೋತದ್ದು. ಪ್ರತಿ ಮನೆಯವರೂ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಬರಬೇಕು. ಬಾಗಿಲಲ್ಲಿ ಲಿಂಬಿ ತುಂಬುವ ದೊಡ್ಡ ಬಿದಿರು ಬುಟ್ಟಿ ಇಟ್ಟಿರುತ್ತಿದ್ದರು. ಬಂದವರೆಲ್ಲ ತಮ್ಮ ರೊಟ್ಟಿಯನ್ನು ಅದರಲ್ಲಿ ಹಾಕಿ ಒಳಗೆ ಬರಬೇಕು. "ಒಮ್ಮೆ ಬುಟ್ಟ್ಯಾಗ ಬಿತ್ತಂದ್ರ ಅದು ಯಾರ ರೊಟ್ಟಿನೂ ಅಲ್ಲ, ಎಲ್ಲಾರ ರೊಟ್ಟಿ," ಎನ್ನುತ್ತಿದ್ದರು ಮಾಸ್ತರರು. ಯಾರ ಮನೆಯದು ಯಾರ ಬಾಯಿಗೆ ಹೋಯಿತು ಎಂದು ಗೊತ್ತಾಗಬಾರದು, ಅದೇ ನಮ್ಮ ದೀಕ್ಷೆ, ಅದೇ ಪೂಜೆ. ಕೇಳಿದ ಮೊದಲ ದಿನ, ಅವ್ವ ಇದ್ದಿದ್ದರೆ ಕರೆದುಕೊಂಡು ಬರುತ್ತಿದ್ದೆ ಅನ್ನಿಸಿತು.

ಈಗ ನೆನೆದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ಈ ಉಪಾಯ ಗಂಡಸಿನ ತಲೆಗೆ ಮಾತ್ರ ಹೊಳೆಯುವಂಥದು. ನಮ್ಮ ಕಡೆ ರೊಟ್ಟಿ ಬಡಿಯುವ ಯಾವ ಹೆಣ್ಣುಮಗಳಿಗೂ ರೊಟ್ಟಿ ನೋಡಿದ ಕೂಡಲೇ ಅದು ಯಾರ ಕೈ ಎಂದು ಗೊತ್ತಾಗುತ್ತದೆ. ಒಬ್ಬಳದು ನಡುವೆ ತೆಳು, ಒಬ್ಬಳದು ಅಂಚು ಸೀಳು, ಒಬ್ಬಳು ತವೆಯ ಮೇಲೆ ನೀರು ಸವರುವ ರೀತಿಯೇ ಬೇರೆ. ಐವತ್ತು ಮನೆಯ ರೊಟ್ಟಿ ಬೆರೆಸಿದರೂ ಬೇರ್ಪಡಿಸಲು ಐದು ನಿಮಿಷ ಸಾಕು. ಮಾಸ್ತರರು ನಲವತ್ತು ವರ್ಷ ಹೆಂಡತಿಯ ಕೈ ರೊಟ್ಟಿ ತಿಂದವರು. ಅದನ್ನು ಗುರುತಿಸಲು ಅವರಿಗೆ ಬರುತ್ತಿರಲಿಲ್ಲ.

ಕೂಟ ಬರೀ ಹಾಡು ಹೇಳಿ ಎದ್ದು ಹೋಗುವ ಮಂದಿಯದಲ್ಲ ಎಂಬ ಹೆಮ್ಮೆ ನನಗೆ ಇತ್ತು. ಆ ಚಳಿಗಾಲದಲ್ಲಿ ನಾವು ಊರ ಚಹಾದಂಗಡಿಗೆ ಹೋಗಿ, ಕೇರಿಯವರಿಗೆಂದು ಗೂಟಕ್ಕೆ ತೂಗುಹಾಕಿದ್ದ ಬೇರೆ ಗ್ಲಾಸು ತೆಗೆಸಿದೆವು. ಅಂಗಡಿಯವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಮೂರನೆಯ ದಿನ ಗಾಜಿನ ಗ್ಲಾಸನ್ನೇ ಒಳಗಿಟ್ಟು ಎಲ್ಲರಿಗೂ ಕಾಗದದ ಕಪ್ಪಿನಲ್ಲಿ ಚಹಾ ಕೊಡತೊಡಗಿದ. ಗೆದ್ದೆವು ಎಂದು ನಾವು ಗೋದಾಮಿನಲ್ಲಿ ಬೆಲ್ಲ ಹಂಚಿದೆವು. ಕಾಗದದ ಕಪ್ಪಿನ ಅರ್ಥ ನಮ್ಮಲ್ಲಿ ಒಬ್ಬರಿಗೆ ಹೊಳೆದಿತ್ತು. ಶಾಂತವ್ವ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾ, "ಯಾರ ಎಂಜಲೂ ಯಾರೂ ತೊಳೀಬಾರದಂತ ಭಾಳ ಹುಷಾರ ಅದಾನ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಶಾಂತವ್ವ ಕೇರಿಯವಳು. ಲಿಂಬಿ ತೋಟಗಳಲ್ಲಿ ಕಾಯಿ ಹರಿಯುವ, ಖಾದರಸಾಬರಲ್ಲಿ ಕಾಯಿ ಆರಿಸುವ ಕೆಲಸ. ಒಂದು ವರ್ಷ ಲಿಂಬಿ ಮುಳ್ಳು ಬಲಗೈ ಕಿರುಬೆರಳಿಗೆ ಹೊಕ್ಕು ಕೀವಾಗಿ, ಬೆರಳು ಒಳಗೆ ಬಾಗಿ ಹಾಗೇ ಸೆಟೆದುಕೊಂಡಿತ್ತು. ಹಾಗಾಗಿ ಅವಳು ಬಡಿದ ಪ್ರತಿ ರೊಟ್ಟಿಯ ಅಂಚಿಗೂ ಉಗುರು ಒತ್ತಿದಷ್ಟು ಒಂದು ಮಡಿಕೆ ಬೀಳುತ್ತಿತ್ತು. ರೊಟ್ಟಿ ಮಾತ್ರ ಹಾಳೆಯಷ್ಟು ತೆಳು. ಗುರುವಾರ ಕೆಲಸದಿಂದ ಒಂದು ತಾಸು ಮೊದಲೇ ಹೋಗಿ, ಸ್ನಾನ ಮಾಡಿ, ಹೊಸದಾಗಿ ಬಡಿದುಕೊಂಡು ಬರುತ್ತಿದ್ದಳು. ಬುಟ್ಟಿಗೆ ಹಾಕುವಾಗ ಒಂದು ಕ್ಷಣ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಉಳಿದವರು ಗುಡಿಯಲ್ಲಿ ನಿಲ್ಲುವ ಹಾಗೆ ಅವಳು ಆ ಬುಟ್ಟಿಯ ಮುಂದೆ ನಿಲ್ಲುತ್ತಿದ್ದಳು.

ಬುಟ್ಟಿ ಒಳಗೆ ಹೋದ ಮೇಲೆ ಬಡಿಸುವ ಜವಾಬ್ದಾರಿ ಮಾಸ್ತರರ ಹೆಂಡತಿ ಗಂಗವ್ವನವರದು. ನೋಡಿ, ಗಂಗವ್ವನವರು ಎಂದು ಬರೆದೆ, ಶಾಂತವ್ವನನ್ನು ಅವಳು ಎಂದು ಬರೆದೆ. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ತಿದ್ದಬಹುದಿತ್ತು, ಬೇಕೆಂದೇ ಬಿಟ್ಟಿದ್ದೇನೆ.

ಎಳ್ಳ ಅಮಾವಾಸ್ಯೆ ಬಂತು. ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಅದರ ಹತ್ತಿರದ ಗುರುವಾರ ಕೇರಿಯ ಐದು ಮನೆಯವರು ಸೇರಿ, ಹಬ್ಬದ ಲೆಕ್ಕದಲ್ಲಿ, ಒಂದು ಇಡೀ ಬುಟ್ಟಿ ರೊಟ್ಟಿ ತಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ. ಖಾದರಸಾಬರ ಮನೆಯಿಂದಲೂ ದೊಡ್ಡ ಗಂಟು ಬಂತು. "ಈ ಸಲ ಊರೆಲ್ಲ ಉಂಡು ಉಳೀಬೇಕು," ಎಂದಳು ಶಾಂತವ್ವ. ಉಂಡೆವು. ಉಳಿಯಿತು. ಉಳಿದದ್ದನ್ನು ಗಂಗವ್ವನವರು ಎಂದಿನಂತೆ ಚೀಲಕ್ಕೆ ತುಂಬಿಸಿ ಮನೆಗೆ ಒಯ್ದರು.

ಮರುದಿನ ಬೆಳಿಗ್ಗೆ ಮಾಸ್ತರರ ಫೋನು ಬಂತು. ಎಮ್ಮೆ ಬಿದ್ದಿದೆ, ಎದ್ದೇಳುತ್ತಿಲ್ಲ. ಹೋಗಿ ನೋಡಿದರೆ ಎಡ ಪಕ್ಕೆ ಡೊಳ್ಳಿನಂತೆ ಉಬ್ಬಿತ್ತು. ಹಲ್ಲು ಕಡಿಯುತ್ತಿತ್ತು, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಕಾಳು ಕಡಿ ಮಿತಿಮೀರಿ ತಿಂದ ಹೊಟ್ಟೆಯ ಲಕ್ಷಣ. ಬೇರೆ ಏನೂ ಇರಲು ಸಾಧ್ಯವಿಲ್ಲ.

"ಏನು ಹಾಕೀರಿ?" ಎಂದು ಕೇಳಿದೆ.

"ಕಣಿಕಿ, ಹೊಟ್ಟು. ದಿನಾ ಹಾಕೂದ," ಎಂದರು ಮಾಸ್ತರರು.

"ಹೊಟ್ಟು ತಿಂದ ಎಮ್ಮಿ ಹಿಂಗ ಆಗೂದಿಲ್ರಿ. ಖರೇ ಹೇಳದಿದ್ರ ನಾ ಔಷಧ ಕೊಡೂದು ಹೆಂಗ?"

ಮಾಸ್ತರರು ಹೆಂಡತಿಯ ಮುಖ ನೋಡಿದರು. ನಾನು ಎಮ್ಮೆಯ ಗೋದಲಿಗೆ ಬಗ್ಗಿದೆ. ಮುಸುರಿಯಲ್ಲಿ ನೆನೆದು ಉಬ್ಬಿದ ರೊಟ್ಟಿ, ಅಡಿಯಿಂದ ಮೊಳದೆತ್ತರ. ಮೇಲಿದ್ದ ಒಂದನ್ನು ಎತ್ತಿದೆ. ನೆನೆದು ಮೆತ್ತಗಾಗಿದ್ದರೂ ಅಂಚಿನ ಮಡಿಕೆ ಹಾಗೇ ಇತ್ತು. ಇನ್ನೊಂದು ಎತ್ತಿದೆ, ಅದರಲ್ಲೂ ಇತ್ತು. ಅದರ ಕೆಳಗೆ ಖಾದರಸಾಬರ ಹೆಂಡತಿಯ ದಪ್ಪ ರೊಟ್ಟಿ. ಒಂದರ ಅಂಚನ್ನೂ ಯಾರೂ ಮುರಿದಿರಲಿಲ್ಲ. ನನ್ನ ರೊಟ್ಟಿ ಎಲ್ಲೂ ಇರಲಿಲ್ಲ. ಗಂಗವ್ವನವರದೂ ಇರಲಿಲ್ಲ.

"ಉಳದದ್ದು ದನಕ್ಕ ಹಾಕಿದ್ದು ಅಷ್ಟ," ಎಂದರು ಮಾಸ್ತರರು, ನೆಲ ನೋಡುತ್ತಾ.

ಗಂಗವ್ವನವರು ಮಾತ್ರ ನೆಲ ನೋಡಲಿಲ್ಲ. "ನಾ ಸುಳ್ಳು ಹೇಳೂದಿಲ್ರಿ," ಎಂದರು. "ನನಗ ಆಗೂದಿಲ್ಲ. ಬಾಯಾಗ ಇಟ್ರ ಹೊಟ್ಟ್ಯಾಗಿಂದು ಹೊರಗ ಬರ್ತೈತಿ. ಮೊದಲನೇ ವಾರದಿಂದ ಅವ್ರ ರೊಟ್ಟಿ ಆರಿಸಿ ಬುಟ್ಟಿ ತಳಕ್ಕ ಹಾಕ್ತೇನಿ. ಬಡಿಸೂ ಹೆಣ್ಮಕ್ಕಳಿಗೆ ಎಲ್ಲಾರಿಗೂ ಗೊತ್ತೈತಿ. ನಿಮಗೂ ಗೊತ್ತೈತಿ ಅಂತ ನಾ ತಿಳದಿದ್ದೆ. ನಿಮ್ಮ ತಾಟಿಗೆ ಯಾವಾಗ್ಲೂ ನಮ್ಮವ ನೋಡಿ ನೋಡಿ ಹಾಕ್ತಿದ್ದೆನಲ್ಲ."

ಇಲ್ಲಿ ಒಂದು ವಿಷಯ ಬರೆಯಬೇಕು. ಬರೆಯದಿದ್ದರೆ ಇಡೀ ಬರಹ ಆ ಕಾಗದದ ಕಪ್ಪಿನ ಚಹಾ ಆಗುತ್ತದೆ. ಆ ಮಾತು ಕೇಳಿದ ಕ್ಷಣ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ಸಮಾಧಾನ. ಸದ್ಯ, ನಾನು ತಿಂದಿಲ್ಲವಲ್ಲ ಎಂಬ ಸಮಾಧಾನ. ಓದಿದವಳು, ಸಗಣಿ ರಕ್ತಗಳಲ್ಲಿ ಕೈ ಆಡಿಸುವವಳು, ದುಂಡಗೆ ಕೂತು ಕಣ್ಣೀರು ಹಾಕಿದವಳು. ನನ್ನ ಹೊಟ್ಟೆ ನನ್ನ ಅಪ್ಪಣೆ ಕೇಳದೆ ಅಷ್ಟು ಹಗುರಾಯಿತು. ನನ್ನ ಮೈಯೊಳಗೆ ಇಂಥದೊಂದು ಕೂತಿದೆಯೆಂದು ಗೊತ್ತಾದ ಆ ಕ್ಷಣದ ಹೇಸಿಗೆಯ ಮುಂದೆ ಎಮ್ಮೆಯ ಹುಳಿ ಸಗಣಿ ಏನೂ ಅಲ್ಲ.

ಅಡುಗೆ ಸೋಡಾ ನೀರಿನಲ್ಲಿ ಕಲಸಿ ಬಿದಿರಿನ ಗೊಟ್ಟದಿಂದ ಕುಡಿಸಿದೆ. ಹೊಟ್ಟೆಗೆ ನಳಿಕೆ ಇಳಿಸಿದೆ. ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ. ನಳಿಕೆಯಲ್ಲಿ ಹುಳಿ ಬಂದ ರೊಟ್ಟಿಯ ನೀರು ಹೊರಬರುತ್ತಲೇ ಇತ್ತು. ಮಾಸ್ತರರು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು.

"ತಂಗಿ, ನನಗ ಗೊತ್ತಾಗಿ ಒಂದು ತಿಂಗಳಾತು. ಏನು ಮಾಡ್ಲಿ ಹೇಳ್ರಿ? ಮೊದಲ ಮಂದಿ ಒಂದ ಚಾಪಿ ಮ್ಯಾಲ ಕೂಡೂದು ಕಲೀಲಿ. ಬಾಯಿ ಆಮ್ಯಾಲ ಕಲೀತೈತಿ. ಈಗ ಇದನ್ನ ಹೊರಗ ಹಾಕಿದ್ರ ಕೂಟ ಒಡೀತೈತಿ. ಬಾಗೇವಾಡಿ ಸಮಾವೇಶಕ್ಕ ಕರದಾರ ನಮ್ಮನ್ನ. ಎಲ್ಲಾ ತಾಲೂಕಿನವರು ಬರ್ತಾರ. ಅಲ್ಲಿ ಶಾಂತವ್ವನ ಮಾತಾಡೋಳು. ಆಕಿ ಮನಸ್ಸು ಮುರೀಬ್ಯಾಡ್ರಿ."

ಆಕೆಯ ಮನಸ್ಸು ಮುರಿಯಬಾರದೆಂದು ಆಕೆಗೆ ಮೋಸ ಮಾಡಬೇಕು. ಎಂಥ ಕರುಣೆ. ಹಾಗೆಂದು ನಾನು ಬಾಯಿಬಿಟ್ಟು ಹೇಳಿದೆನೇ? ಇಲ್ಲ. ದವಾಖಾನೆಗೆ ಬಂದು ವಹಿಯಲ್ಲಿ ಬರೆದೆ: ಎಮ್ಮೆ ಒಂದು, ಹೊಟ್ಟೆ ಉಬ್ಬರ, ಕಾರಣ ಅತಿಯಾದ ಜೋಳ ಸೇವನೆ. ರೊಟ್ಟಿ ಎಂದು ಬರೆಯಲು ಕೈ ಬರಲಿಲ್ಲ.

ಎರಡು ತಿಂಗಳು ಸುಮ್ಮನಿದ್ದೆ. ಗುರುವಾರ ಹೋಗುತ್ತಿದ್ದೆ, ದುಂಡಗೆ ಕೂರುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ. ಹೊಟ್ಟೆ ಸರಿಯಿಲ್ಲ ಎಂದು ಊಟ ಬಿಡುತ್ತಿದ್ದೆ. ಅದೇ ನನ್ನ ಪ್ರತಿಭಟನೆ, ಯಾರಿಗೂ ಗೊತ್ತಾಗದ ಹಾಗೆ. ಹೊಲದಲ್ಲಿ ಜೋಳ ಹಾಲು ತುಂಬಿತು, ಹಸಿ ತೆನೆ ಸುಟ್ಟು ಸೀತನಿ ತಿಂದರು, ತೆನೆ ಒಣಗಿತು, ರಾಶಿಯೂ ಆಯಿತು. ಬಾಗೇವಾಡಿಗೆ ಹೋಗುವ ದಿನ ಬೆಳಿಗ್ಗೆ ಶಾಂತವ್ವ ನನ್ನ ಕೋಣೆಗೆ ಬಂದಳು. ಹಸಿರು ಇಳಕಲ್ ಸೀರೆ, ಅವಳ ಮದುವೆಯದು.

"ಅಕ್ಕಾರ, ಸೆರಗಿಗೆ ಪಿನ್ ಹಚ್ರಿ. ಮಂದಿ ಮುಂದ ನಿಂತಾಗ ಜಾರಬಾರದು."

ಹಚ್ಚಿದೆ. ಆಗ ಹೇಳಬಹುದಿತ್ತು. ಬಾಗಿಲು ಹಾಕಿತ್ತು, ಇಬ್ಬರೇ ಇದ್ದೆವು.

"ನೀವ್ಯಾಕ ನಡಗಾಕತ್ತೀರಿ? ಮಾತಾಡೋಳು ನಾ," ಎಂದು ನಕ್ಕಳು.

ಬಾಗೇವಾಡಿಯಲ್ಲಿ ದೊಡ್ಡ ಪೆಂಡಾಲು. ಸಮಾನತೆಯ ಬಗ್ಗೆ ಶರಣರ ನೆಲವಾದ ಆ ಊರಿನಲ್ಲಿ ಮಾತಾಡುವುದು ಎಲ್ಲರಿಗೂ ಇಷ್ಟ. ಮಾತು ತಾನೇ ಗಂಭೀರವಾಗಿಬಿಡುತ್ತದೆ. ನಾಲ್ಕು ಜನ ಗಂಡಸರು ಒಂದೊಂದು ತಾಸು ಕೊರೆದ ಮೇಲೆ ಶಾಂತವ್ವನನ್ನು ಕರೆದರು. ಮೈಕನ್ನು ಕೆಳಗಿಳಿಸಿಕೊಳ್ಳಲು ಬರದೆ, ಮುಖ ಮೇಲೆತ್ತಿ ನಿಂತು ಮಾತಾಡಿದಳು.

"ನಮ್ಮವ್ವ ದೊಡ್ಡವರ ಹಿತ್ತಲದಾಗ ನಿಂತು ಉಡ್ಯಾಗ ರೊಟ್ಟಿ ಹಾಕಿಸ್ಕೊಂಡಾಕಿ. ನಾನೂ ಹಾಕಿಸ್ಕೊಂಡೇನಿ. ಈಗ ಅದ ಮಂದಿ ನಾ ಬಡದ ರೊಟ್ಟಿ ತಿನ್ನಾಕತ್ತಾರ. ಯಾವ ದೇವ್ರ ಮುಂದ ನಿಂತಾಗೂ ನನಗ ಹಿಂಗ ಅನಿಸಿಲ್ಲ. ನಾ ಹೆಚ್ಚಿಗೆ ಏನೂ ಕಲತಿಲ್ರಿ. ನನ್ನ ರೊಟ್ಟಿ ಎಲ್ಲಾರ ಹೊಟ್ಟ್ಯಾಗ ಹೋಗೈತಿ, ಅಷ್ಟ ಹೇಳಾಕ ಬಂದೇನಿ."

ಪೆಂಡಾಲು ಎದ್ದು ನಿಂತಿತು. ವೇದಿಕೆಯ ಮೇಲೆ ಮಾಸ್ತರರು ಕಣ್ಣೊರೆಸಿಕೊಂಡರು. ಕೆಳಗೆ ಹೆಂಗಸರ ಸಾಲಿನಲ್ಲಿ ಗಂಗವ್ವನವರು ಕೈ ಮಡಿಲಲ್ಲಿಟ್ಟು ಕೂತೇ ಇದ್ದರು, ಚಪ್ಪಾಳೆ ಹೊಡೆಯಲಿಲ್ಲ. ನಾನು ಎದ್ದು ನಿಂತು ಹೊಡೆದೆ. ಅಂಗೈ ಉರಿಯುವವರೆಗೆ ಹೊಡೆದೆ.

ವಾಪಸು ಬರುವಾಗ ಮಾಸ್ತರರ ಕಡೆಯವರು ಜೀಪಿನಲ್ಲಿ ಹೋದರು. ನಾನು, ಶಾಂತವ್ವ ಖಾದರಸಾಬರ ಲಿಂಬಿ ಟೆಂಪೊದ ಹಿಂಭಾಗದಲ್ಲಿ ಖಾಲಿ ಚೀಲಗಳ ಮೇಲೆ ಕೂತೆವು. ಮನಗೂಳಿ ದಾಟಿದ ಮೇಲೆ ಶಾಂತವ್ವ ಗಂಟು ಬಿಚ್ಚಿದಳು. "ಮುಂಜಾನಿಂದ ಏನೂ ತಿಂದಿಲ್ಲ ನೀವು. ತಿನ್ರಿ," ಎಂದು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಅಂಚಿನ ಮಡಿಕೆ ಸಂಜೆ ಬಿಸಿಲಲ್ಲಿ ಸ್ಪಷ್ಟ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದೇ ಎಲ್ಲ ಹೇಳಿಬಿಟ್ಟೆ. ಬುಟ್ಟಿ, ಚೀಲ, ಗೋದಲಿ, ನಳಿಕೆ. ನನ್ನ ಸಮಾಧಾನದ ಸಂಗತಿ ಮಾತ್ರ ಬಿಟ್ಟೆ.

ಅವಳು ನನ್ನ ಕಡೆ ತಿರುಗಿ ಕೂತಳು.

"ನಿಮಗ ಯಾವಾಗ ಗೊತ್ತಾತ್ರಿ?"

"ಎಳ್ಳಮಾಸಿ ಆದ ಮ್ಯಾಲ."

"ಮುಂಜಾನಿ ಪಿನ್ ಹಚ್ಚುವಾಗ ಗೊತ್ತಿತ್ತು."

"ಹೌದು."

ನನ್ನ ಕೈಯಿಂದ ರೊಟ್ಟಿ ತೆಗೆದುಕೊಂಡಳು. ಹಿಂಡಿ ಚೆಲ್ಲದಂತೆ ಮಡಚಿ ಗಂಟಿಗೆ ಹಾಕಿ ಕಟ್ಟಿದಳು. ಸೆರಗಿನ ಪಿನ್ ಬಿಚ್ಚಿ ನನ್ನ ಮಡಿಲಲ್ಲಿಟ್ಟಳು. ಊರು ಹತ್ತಿರ ಬಂದಾಗ, "ಎಮ್ಮಿ ಹೆಂಗೈತಿ ಈಗ?" ಎಂದು ಕೇಳಿದಳು. ಚೊಲೊ ಐತಿ ಅಂದೆ.

ಮುಂದಿನ ಗುರುವಾರ ಎಂದಿನಂತೆ ಸ್ನಾನ ಮಾಡಿ, ಹೊಸ ರೊಟ್ಟಿ ಬಡಿದುಕೊಂಡು ಬಂದು ಬುಟ್ಟಿಗೆ ಹಾಕಿದಳು. ಮೌನ ಮುಗಿಯಿತು, ಹಾಡು ಮುಗಿಯಿತು. ಈ ವಾರ ಯಾರಿಗೆ ಏನು ಅನ್ಯಾಯವಾಯಿತು ಎಂದು ಮಾಸ್ತರರು ಕೇಳುವ ಹೊತ್ತಿಗೆ ಶಾಂತವ್ವ ಎದ್ದು ಹೋಗಿ ಬುಟ್ಟಿಯನ್ನು ನಡುವೆ ಎಳೆದು ತಂದಳು.

"ಮಾಸ್ತರ, ಇದರಾಗ ನನ್ನ ರೊಟ್ಟಿ ಯಾವುವು, ತಗದ ಕೊಡ್ರಿ."

ಮಾಸ್ತರರು ಬುಟ್ಟಿ ನೋಡಿದರು, ಅವಳನ್ನು ನೋಡಿದರು. ಅವರಿಗೆ ನಿಜವಾಗಿ ಗೊತ್ತಾಗಲಿಲ್ಲ. "ಹಂಗಲ್ಲವಾ ಶಾಂತವ್ವ, ಬುಟ್ಟ್ಯಾಗ ಬಿದ್ದ ಮ್ಯಾಲ..." ಎಂದು ಶುರು ಮಾಡಿದರು.

ಅವಳು ಕೇಳಿಸಿಕೊಳ್ಳಲಿಲ್ಲ. ಕೂತು ಒಂದೊಂದೇ ರೊಟ್ಟಿ ತೆಗೆದು ಚಾಪೆಯ ಮೇಲೆ ಜೋಡಿಸತೊಡಗಿದಳು. "ಇದು ಗಂಗವ್ವಾರದು. ನಡುವ ತೆಳು, ಅಂಚು ದಪ್ಪ. ಇದು ಅಂಗಡಿಯವರ ಸೊಸಿದು, ಇನ್ನೂ ಕೈ ಕೂತಿಲ್ಲ ಪಾಪ. ಇದು ಡಾಕ್ಟರ್ ಅಕ್ಕಾರದು, ದೇಶದ ನಕಾಶಿ ಇದ್ದಂಗೈತಿ. ಇದು ಖಾದರಸಾಬರ ಮನಿದು." ಒಂದೂ ತಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ತಲೆ ಎತ್ತಿದಳು.

"ಎಲ್ಲಾರ ಕೈ ನನಗ ಗೊತ್ತೈತಿ. ಯಾಕಂದ್ರ ಎಲ್ಲಾರ ರೊಟ್ಟಿ ತಿಂದೇನಿ, ಹಿತ್ತಲದಾಗ ನಿಂತು ತಿಂದೇನಿ. ನಿಮಗೂ ನನ್ನ ಕೈ ಗೊತ್ತೈತಿ. ನೀವು ತಿಂದು ತಿಳ್ಕೊಂಡಿಲ್ಲ, ಒಗದು ತಿಳ್ಕೊಂಡೀರಿ. ಬಾಗೇವಾಡಿಯಾಗ ನನ್ನ ಬಾಯಿಂದ ಸುಳ್ಳು ಹೇಳಸೀರಿ. ನನ್ನ ರೊಟ್ಟಿ ರುಚಿ ಈ ಊರಾಗ ಮಾಸ್ತರ ಎಮ್ಮಿಗೆ ಒಂದಕ್ಕ ಗೊತ್ತು."

ತನ್ನವನ್ನು, ಕೇರಿಯವನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಖಾದರಸಾಬರು ತಮ್ಮ ಮನೆಯ ರೊಟ್ಟಿಗಳನ್ನು ನೋಡುತ್ತಾ ನಿಂತಿದ್ದರು. ಅವರಿಗೆ ಆಗಷ್ಟೇ ಲೆಕ್ಕ ತಿಳಿಯುತ್ತಿತ್ತು. ಸಿಟ್ಟಾಗುವ ಮನುಷ್ಯನಲ್ಲ ಅವರು. "ಮಾಸ್ತರ, ಚಾಪಿ ಮಡಚ್ರಿ," ಎಂದರು. "ನಾಳೆ ನನಗ ಲಿಂಬಿ ಬರ್ತಾವ, ಜಾಗಾ ಬೇಕು."

ಮಾಸ್ತರರ ಕೂಟ ಒಡೆಯಲಿಲ್ಲ ಎಂಬುದು ಈ ಕಥೆಯ ಅತ್ಯಂತ ಹೇಸಿಗೆಯ ಭಾಗ. ಎರಡು ವಾರ ಬಿಟ್ಟು ಬೇರೆ ಜಾಗದಲ್ಲಿ ಶುರುವಾಯಿತು. ರೊಟ್ಟಿಯ ಪದ್ಧತಿ ಕೈಬಿಟ್ಟು, ಇಂಡಿಯಿಂದ ಅಡುಗೆಯವರನ್ನು ಕರೆಸಿ ಪಲಾವ್ ಮಾಡಿಸತೊಡಗಿದರು. ಯಾರ ಕೈದೂ ಯಾರೂ ತಿನ್ನುವ ಪ್ರಮೇಯವೇ ಇಲ್ಲ. ಈಗಲೂ ನಡೆಯುತ್ತಿದೆ, ಮೊದಲಿಗಿಂತ ಹೆಚ್ಚು ಜನ ಬರುತ್ತಾರೆ, ಫಲಕವೂ ಇದೆ. ನಾನು ಯುಗಾದಿಯಾದ ಮೇಲೆ ವರ್ಗ ಮಾಡಿಸಿಕೊಂಡು ಸಿಂದಗಿಗೆ ಓಡಿಬಂದೆ. ಓಡಿಬಂದೆ ಎಂಬುದೇ ಸರಿಯಾದ ಮಾತು.

ಆ ಮುಸುರಿ ಬಾನಿಯ ಪಕ್ಕ ವಾಂತಿ ಮಾಡಿಕೊಂಡ ಮೇಲೆ, ಅದೇ ವಾರದ ಗುರುವಾರ, ಇಂಡಿಯ ಬಸ್ಸು ಹತ್ತಿದೆ. ಖಾದರಸಾಬರ ಗೋದಾಮಿನಲ್ಲಿ ಶಾಂತವ್ವ ತನ್ನದೇ ಬೇರೊಂದು ಕೂಟ ನಡೆಸುತ್ತಿದ್ದಾಳೆಂದು ಕೇಳಿದ್ದೆ.

ಗೋದಾಮಿನಲ್ಲಿ ಅದೇ ಲಿಂಬಿ ಘಾಟು. ಖಾದರಸಾಬರಿಗೆ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹೊರಗಿನ ಅಂಗಳದಲ್ಲಿ ಮೂರು ಒಲೆ ಉರಿಯುತ್ತಿದ್ದವು. ಇಲ್ಲಿ ರೊಟ್ಟಿ ತರುವಂತಿಲ್ಲ, ಹಿಟ್ಟು ತರಬೇಕು. ಎಲ್ಲರ ಹಿಟ್ಟೂ ಒಂದೇ ಪರಾತಕ್ಕೆ ಬೀಳುತ್ತದೆ. ಗಂಡಸರೂ ಸೇರಿ ಎಲ್ಲರೂ ಎಲ್ಲರೆದುರು ಬಡಿಯಬೇಕು. ತಾನು ಬಡಿದದ್ದನ್ನು ಪಕ್ಕದವರಿಗೆ ಕೊಡಬೇಕು, ಪಕ್ಕದವರು ಅಲ್ಲೇ ತಿನ್ನಬೇಕು. ಹದಿನೈದು ಜನ ಇರಬಹುದು, ಅಷ್ಟೇ. ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದವರನ್ನು ನೋಡಿ ನನ್ನ ಕಾಲು ನಿಂತಿತು. ಗಂಗವ್ವನವರು.

ಶಾಂತವ್ವ ನನ್ನನ್ನು ನೋಡಿ ಬರ್ರಿ ಅನ್ನಲಿಲ್ಲ, ಹೋಗ್ರಿ ಅನ್ನಲಿಲ್ಲ. ತನ್ನ ಪಕ್ಕದ ಚೀಲವನ್ನು ಸರಿಸಿದಳು. ಕೂತೆ.

"ಅವರು ಇಲ್ಲಿ ಹೆಂಗ?" ಎಂದು ಮೆಲ್ಲಗೆ ಕೇಳಿದೆ.

"ಎರಡು ವರ್ಷ ಗೇಟಿನ ಹತ್ರ ನಿಂತು ಹೋದ್ಲು. ಮೂರನೇ ವರ್ಷ ಒಳಗ ಬಂದು ನನ್ನ ಕೈಯಿಂದು ಒಂದು ತುತ್ತು ತಿಂದ್ಲು, ಅಲ್ಲೇ ಆ ಗ್ವಾಡಿ ಹತ್ರ ವಾಂತಿ ಮಾಡ್ಕೊಂಡ್ಲು. ನಾನ ನೀರು ಹಾಕಿ ತೊಳದೆ. ಮರುವಾರ ಮತ್ತ ಬಂದ್ಲು. ಈಗ ಎರಡು ರೊಟ್ಟಿ ಉಣ್ತಾಳ." ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಆಕಿ ಸುಳ್ಳು ಹೇಳಿದಾಕಿ ಅಲ್ರಿ ಅಕ್ಕಾರ. ಅದಕ್ಕ ಆಕಿಗೆ ಹಾದಿ ಸಿಕ್ತು."

ಆಗ ನಾನು ಟೆಂಪೊದಲ್ಲಿ ಬಿಟ್ಟ ಮಾತನ್ನು ಹೇಳಿದೆ. ಗೋದಲಿಯ ಮುಂದೆ ನನ್ನ ಹೊಟ್ಟೆ ಹಗುರಾದದ್ದನ್ನು. ಹೇಳುವಾಗ ಗಂಗವ್ವನವರು ನಾದುವುದು ನಿಲ್ಲಿಸಿದ್ದರು, ಖಾದರಸಾಬರು ಕೇಳಿಸಿಕೊಳ್ಳುತ್ತಿದ್ದರು. ಹೇಳಿ ಮುಗಿದ ಮೇಲೂ ಯಾರೂ ಸಮಾಧಾನ ಮಾಡಲಿಲ್ಲ.

"ಗೊತ್ತಿತ್ತು," ಎಂದಳು ಶಾಂತವ್ವ. "ಟೆಂಪೋದಾಗ ರೊಟ್ಟಿ ಹಿಡಕೊಂಡು ಕುಂತ್ರಿ, ಮುರೀಲಿಲ್ಲ. ಆವಾಗ ಗೊತ್ತಾತು." ಹಿಟ್ಟಿನ ಮುದ್ದೆ ನನ್ನ ಮುಂದಿಟ್ಟಳು. "ಬಡೀರಿ."

ಬಡಿದೆ. ಏಳು ವರ್ಷದಲ್ಲಿ ಕೈ ಸುಧಾರಿಸಿಲ್ಲ. ಒಂದು ಕಡೆ ಸೀಳಿ, ಒಂದು ಕಡೆ ಉದ್ದವಾಗಿ, ಹೇಗೋ ಬೆಂದಿತು. ಎಡಪಕ್ಕದಲ್ಲಿದ್ದ ಗಂ​ಗವ್ವನವರಿಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ತಿನ್ನೂದ?" ಎಂದರು.

"ತಿನ್ನು ಗಂಗವ್ವ," ಎಂದಳು ಶಾಂತವ್ವ. "ಹೊಟ್ಟಿ ಉಬ್ಬಿದ್ರ ಔಷಧ ಆಕಿ ಚೀಲದಾಗ ಐತಿ."

ಎಲ್ಲರೂ ನಕ್ಕರು. ಗಂಗವ್ವ ಮುರಿದು ಬಾಯಿಗೆ ಹಾಕಿಕೊಂಡಳು. ಶಾಂತವ್ವ ತನ್ನ ತವೆಯ ಮೇಲಿನದನ್ನು ತೆಗೆದು ನನ್ನ ಕೈಗಿಟ್ಟಳು. ಬಿಸಿಯಿತ್ತು, ಅಂಚಿನಲ್ಲಿ ಆ ಮಡಿಕೆ ಇತ್ತು. ಈ ಸಲ ಮುರಿದೆ, ತಿಂದೆ. ಆಮೇಲೆ ನನ್ನ ಹೊಟ್ಟೆ ಏನನ್ನುತ್ತದೋ ಎಂದು ಎಲ್ಲರೆದುರು ಕಾಯುತ್ತಾ ಕೂತೆ.